ಪ್ರತಿ ಸುತ್ತಿಗೂ ಒಂದು ಗುಂಡಿ

ನೀರಿನಲ್ಲೂ ಗುಂಡಿ ಬೀಳುತ್ತದೆಯೇ, ಮೊಮ್ಮಕ್ಕಳೇ? ಹೆಬ್ಬಾಳದ ರಸ್ತೆಯಲ್ಲಾದರೆ ಬೇಕಾದಷ್ಟು ತೋರಿಸುತ್ತೇನೆ. ಆದರೆ ನನ್ನ ಮಗ ಮಹೇಶ ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದು ಕೆರೆಯ ಮೇಲಿನ ಗುಂಡಿ.

ಅವನ ಮಗಳು ಸಿಂಚನಾ ಯಲಹಂಕದ ಆಚೆಯ ಕೆರೆಯಲ್ಲಿ ಕಯಾಕ್ ಕಲಿಯುತ್ತಿದ್ದಾಳೆ. (ಒಬ್ಬರೇ ಕೂತು ಹುಟ್ಟು ಹಾಕುವ ದೋಣಿ. ನಮ್ಮೂರಿನ ಕಲಗಚ್ಚಿನ ಬಾನಿ ಅದಕ್ಕಿಂತ ಅಗಲ.) ಅವಳ ಕೈಯಲ್ಲೊಂದು ಜಿಪಿಎಸ್ ವಾಚು. ಎಲ್ಲಿ ಎಷ್ಟು ಸ್ಪೀಡಾಗಿ ಹೋದಳು ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತದೆ. ಅವಳ ಹಳೆಯ ವಾಚು ನನ್ನ ಕೈಗೆ ಬಂದಿದೆ. ಸಹಕಾರನಗರದ ಪಾರ್ಕಿನಲ್ಲಿ ನಡೆಯುವಾಗ ನನ್ನ ಎದೆಬಡಿತ ನೋಡಬೇಕಂತೆ.

ಅವಳ ಕಯಾಕ್ ಕ್ಲಬ್ಬಿನ ತಂಡದ ಆಯ್ಕೆಗೆ ಒಂದೇ ವಾರ ಉಳಿದಿತ್ತು. ಸಿಂಚನಾಗೆ ಆ ತಂಡ ಬೇಕೇ ಬೇಕು. ಆದರೆ ಗ್ರಾಫಿನಲ್ಲಿ ಪ್ರತಿ ಸುತ್ತಿಗೂ, ದಡದ ಹತ್ತಿರ, ಸ್ಪೀಡು ಧಡಕ್ಕನೆ ಕೆಳಗೆ ಬೀಳುತ್ತಿತ್ತು.

“ಗಾಳಿ ಇರ್ಬೇಕು,” ಅಂದ ಮಹೇಶ. ಗೆರೆಯನ್ನು ದೊಡ್ಡದು ಮಾಡಿ ನೋಡಿ, “ಜೊಂಡು ಅಡ್ಡ ಬರ್ತಿದ್ಯಾ? ಇಲ್ಲಾಂದ್ರೆ ನಿನ್ನ ಎಡಭುಜ ವೀಕು.”

ಸಿಂಚನಾ ಉಗುರು ಕಚ್ಚುತ್ತ ನನ್ನನ್ನೇ ನೋಡುತ್ತಿದ್ದಳು.

“ಹೇಳ್ಬಿಡೇ,” ಅಂದೆ.

“ಅಜ್ಜಿಗೆ ಬರ್ತೀನಿ ಅಂತ ಹೇಳೋಕೆ ನಿಲ್ಲಿಸ್ತೀನಪ್ಪ.”

ವಿಷಯ ಇಷ್ಟೇ. ನಮ್ಮ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಅಂದು ಹೊರಡುವಂತಿಲ್ಲ. ನಿಮ್ಮ ತಾತ ಹಾಲು ತರಲು ಹೊರಟರೂ ‘ಬರ್ತೀನಿ’ ಎಂದೇ ಹೊಸ್ತಿಲು ದಾಟುತ್ತಿದ್ದರು. ಹಾಗಿರುವಾಗ ನೀರಿಗೆ ಇಳಿಯುವವರು ಹೇಳದೆ ಹೋಗಬಹುದೇ? ಅವಳ ಜೊತೆ ಹೋಗಿ ದಡದಲ್ಲೇ ಕೂತಿರುತ್ತೇನಲ್ಲ, ದಡ ಬಿಡುವಾಗಲೆಲ್ಲ ಹೇಳು ಎಂದಿದ್ದೆ. ಮಗು ಪ್ರತಿ ಸುತ್ತಿಗೂ ಹತ್ತಿರ ಬಂದು, ಹುಟ್ಟು ನಿಲ್ಲಿಸಿ, “ಅಜ್ಜಿ, ಬರ್ತೀನಿ” ಎನ್ನುತ್ತಿತ್ತು. ನಾನು “ಹೋಗಿ ಬಾರಮ್ಮ” ಅನ್ನುವವರೆಗೆ ಕಾಯುತ್ತಿತ್ತು. (ನನ್ನ ದನಿ ಸಣ್ಣದು. ಎರಡೆರಡು ಸಲ ಹೇಳಬೇಕು.)

“ಅಮ್ಮಾ, ನಾನಿಲ್ಲಿ ಗಾಳಿ ಯಾವ ಕಡೆಯಿಂದ ಬೀಸ್ತು ಅಂತ ಹುಡುಕ್ತಾ ಕೂತಿದೀನಿ,” ಮಹೇಶ ತಲೆ ಹಿಡಿದುಕೊಂಡ. “ಇನ್ಮೇಲೆ ನೀನು ಕಾರಲ್ಲೇ ಕೂತ್ಕೊ.”

“ಅಜ್ಜಿ ದಡದಲ್ಲಿ ಇಲ್ದಿದ್ರೆ ನಾನು ನೀರಿಗೇ ಇಳಿಯಲ್ಲ,” ಅಂದಳು ಸಿಂಚನಾ.

ಕೊನೆಗೆ ನಾನೇ ರಾಜಿಯಾದೆ. ಮೊದಲು ಹೊರಡುವಾಗ ಒಂದೇ ಸಲ ಹೇಳಲಿ. ಅದೇ ಎಲ್ಲ ಸುತ್ತಿಗೂ ಸೇರಲಿ.

ಮೊನ್ನೆ ಆಯ್ಕೆಯ ದಿನ ಹಾಗೇ ಆಯಿತು. ಹುಡುಗಿ ದಡದ ಹತ್ತಿರ ಬಂದಳು, ತಿರುಗಿದಳು, ಒಂದು ಮಾತಿಲ್ಲದೆ ಹೊರಟೇಹೋದಳು. ಪ್ರತಿ ಸಲವೂ. ನಾನು ಸೆರಗು ಬಿಗಿಹಿಡಿದು ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಅವಳಿಗೆ ತಂಡದಲ್ಲಿ ಜಾಗ ಸಿಕ್ಕಿತು.

ಸಂಜೆ ಮಹೇಶ ಗ್ರಾಫ್ ತೆರೆದು, “ನೋಡಮ್ಮ, ಗುಂಡಿ ಮಾಯ” ಅಂದ. ಅಷ್ಟಕ್ಕೇ ಸುಮ್ಮನಿರದೆ ನನ್ನ ವಾಚಿನದನ್ನೂ ತೆರೆದು ಪಕ್ಕಕ್ಕಿಟ್ಟ. ಪಾರ್ಕಿನಲ್ಲಿ ಎಂದೂ ಕಾಣದ ಎದೆಬಡಿತ. ಅವಳು ದಡ ಬಿಟ್ಟ ಪ್ರತಿ ಹೊತ್ತಿಗೂ ಸರಿಯಾಗಿ ನನ್ನ ಗೆರೆಯಲ್ಲೊಂದು ಗುಡ್ಡ.

“ಇದೇನಮ್ಮಾ ಇದು? ಕೂತಲ್ಲೇ ಕೂತಿದ್ಯಲ್ಲ?”

“ಗಾಳಿ ಇರ್ಬೇಕು ಕಣೋ,” ಅಂದೆ.