ಐದು ಸಾಲಿನ ಕಂಪ್ಯೂಟರು

ಮೊನ್ನೆ ನಮ್ಮ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಓಣಿಯ ಮಹಿಳಾ ಸಂಘದ ಸಭೆಗೆ ಒಂದೇ ಒಂದು ಪುಟದ ಆಮಂತ್ರಣ ಬರೆಯೋಣವೆಂದು ಅದನ್ನು ತೆರೆದೆ. 'ದಯವಿಟ್ಟು ಕಾಯಿರಿ' ಎಂದಿತು. ಪರದೆಯ ನಡುವೆ ಒಂದು ಉಂಗುರ ಸುತ್ತತೊಡಗಿತು. ಕಾದು ಕಾದು ಬೇಸರವಾಗಿ ಅಡುಗೆಮನೆಗೆ ಹೋದೆ. ಮಂಡಕ್ಕಿ ನೆನೆಸಿ, ಹಿಂಡಿ, ಈರುಳ್ಳಿ ಹೆಚ್ಚಿ, ಒಗ್ಗರಣೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ತಟ್ಟೆ ಹಿಡಿದು ಬಂದರೆ ಉಂಗುರ ಇನ್ನೂ ಸುತ್ತುತ್ತಲೇ ಇತ್ತು. ತಟ್ಟೆ ಖಾಲಿಯಾಗುವ ಹೊತ್ತಿಗೆ ಮಹಾರಾಯ ಎದ್ದ. ಎದ್ದವನೇ ನಿನ್ನ ಮುಖ ತೋರಿಸು ಎಂದ, ಬೆರಳು ಒತ್ತು ಎಂದ, ಇಂದು ಮೋಡ ಕವಿದಿದೆ ಎಂದ. ಕಿಟಕಿಯಾಚೆ ದಾವಣಗೆರೆಯ ಬಿಸಿಲು ರಣಗುಡುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದು ಖಾಲಿ ಹಾಳೆ. ಅದೊಂದನ್ನು ಬಿಟ್ಟು ಜಗತ್ತಿನ ಎಲ್ಲವೂ ಅದರಲ್ಲಿತ್ತು.

ಇಸ್ಮಾಯಿಲ್ ಭಾಯಿ ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ ಎಂದುಕೊಂಡೆ. ಅಂದುಕೊಂಡದ್ದೇ ತಡ, ಲ್ಯಾಪ್‌ಟಾಪನ್ನು ಮುಚ್ಚಿಬಿಟ್ಟೆ. ಯಾಕೆಂದು ಹೇಳುತ್ತೇನೆ, ನಿಮಗೆ ಪುರಸೊತ್ತಿದ್ದರೆ. ನನಗಂತೂ ನಿವೃತ್ತಿಯಾದ ಮೇಲೆ ಪುರಸೊತ್ತಿಗೆ ಬರವಿಲ್ಲ.

ಆಗ ನಾನು ಹರಿಹರದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಮನೆ ದಾವಣಗೆರೆಯಲ್ಲಿ, ಕೆಲಸ ಹರಿಹರದಲ್ಲಿ. ಆಯುಷ್ಯದ ಒಂದು ದೊಡ್ಡ ಪಾಲು ಬಸ್ಸಿನ ಕಿಟಕಿ ಪಕ್ಕದ ಸೀಟಿಗಾಗಿ ಹೋರಾಡುವುದರಲ್ಲೇ ಕಳೆಯಿತು. ಯಾವುದೋ ಕಚೇರಿಯವರು ತಮಗೆ ಬೇಡವಾದ ಎಂಟು ಕಂಪ್ಯೂಟರುಗಳನ್ನು ನಮ್ಮ ಶಾಲೆಗೆ ದಾನ ಕೊಟ್ಟಿದ್ದರು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಎಣಿಸೋಣವೆಂದರೂ ಇವಕ್ಕೆ ಹಲ್ಲೇ ಉಳಿದಿರಲಿಲ್ಲ. ಅವುಗಳ ಉಸ್ತುವಾರಿ ಕನ್ನಡದವಳಾದ ನನಗೆ ಯಾಕೆ ಬಂತೆಂದು ಕೇಳುತ್ತೀರಾ? ಗಣಿತದವರು ಒಲ್ಲೆ ಎಂದರು, ವಿಜ್ಞಾನದವರು ರಜೆಯಲ್ಲಿದ್ದರು, ನಾನು ಆ ದಿನದ ಸಭೆಗೆ ತಡವಾಗಿ ಹೋದೆ.

ಹೆಡ್ ಮಾಸ್ತರಿಗೆ ಆ ಕೋಣೆಯ ಮೇಲೆ ಕಣ್ಣಿತ್ತು. ಬಿಸಿಯೂಟದ ಅಕ್ಕಿ ಮೂಟೆ ಇಡಲು ಜಾಗವಿರಲಿಲ್ಲ. "ಗುಂಡಿ ಒತ್ತಿದ್ರೆ ಅರ್ಧ ಗಂಟೆಗೆ ಏಳ್ತಾವೆ ಇವು. ಗುಜರಿಗೆ ಹಾಕಿ ಅಕ್ಕಿ ಇಡೋಣ್ರಿ, ಮಕ್ಕಳ ಹೊಟ್ಟೆಗಾದ್ರೂ ಆಗತ್ತೆ" ಎನ್ನುತ್ತಿದ್ದರು. ಅವರ ಮಾತಿನಲ್ಲಿ ನ್ಯಾಯವಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಹುಡುಗಿಯರು ತಾವು ಬರೆದ ಕತೆ ಕವಿತೆಗಳನ್ನು ತಾವೇ ಅಚ್ಚು ಮಾಡುವ ಆಸೆಯಿಂದ ಆ ಕೋಣೆಯ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಅದನ್ನು ನೋಡಿ ನಾನು ಒಂದು ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ, "ಯವ್ವಾ, ಮಿಕ್ಸಿನಾ? ಎಷ್ಟ್ ದೊಡ್ಡದೈತೆ!" ಎಂದರು.

ದಾವಣಗೆರೆಯ ಆನೆಕೊಂಡದ ಒಂದು ಸಣ್ಣ ಗಲ್ಲಿಯಲ್ಲಿ ಇಸ್ಮಾಯಿಲ್ ಭಾಯಿಯ ಅಂಗಡಿ. ಮೂಲತಃ ಅವರದು ಗಡಿಯಾರ ರಿಪೇರಿ. ಜನ ಫೋನಿನಲ್ಲಿ ಗಂಟೆ ನೋಡಲು ಶುರು ಮಾಡಿದ ಮೇಲೆ, ಸುಮ್ಮನೆ ಕೂತರೆ ಕೈ ತುಕ್ಕು ಹಿಡಿಯುತ್ತದೆಂದು ಕಂಪ್ಯೂಟರ್ ಕಲಿತವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮಾತ್ರ ಹಣೆಯ ಮೇಲೆ ಹಾಗೇ ಉಳಿದಿತ್ತು.

"ಬರ್ರಿ ಅಕ್ಕೋರೆ, ಕೂಡ್ರಿ. ಏನ್ ತಂದೀರಿ?"

"ಸತ್ತೈತಂತೆ ಭಾಯಿ. ಬದುಕ್ತೈತಾ ನೋಡ್ರಿ."

ಅವರು ಅದನ್ನು ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, ನಕ್ಕರು. "ಸತ್ತಿಲ್ಲರಿ. ಮುದುಕನ ತಲಿ ಮ್ಯಾಲೆ ಊರ ಸಾಮಾನೆಲ್ಲ ಹೊರಿಸ್ಯಾರ. ಇಳಿಸಿದ್ರೆ ಬೇಷಾಗಿ ನಡೀತಾನ."

ನಾಲ್ಕು ದಿನ ಬಿಟ್ಟು ಹೋದೆ. ಗುಂಡಿ ಒತ್ತಿ ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಕಂಪ್ಯೂಟರು ಎದ್ದು ಕೂತಿತ್ತು. ಆದರೆ ಪರದೆಯ ಮೇಲೆ ಏನೂ ಇರಲಿಲ್ಲ. ಚಿತ್ರವಿಲ್ಲ, ಪಟ್ಟಿಯಿಲ್ಲ, ಗಡಿಯಾರವಿಲ್ಲ, ಬರೀ ಬೂದು ಬಣ್ಣ. ಕೆಟ್ಟಿದೆಯೆಂದೇ ತಿಳಿದೆ. ಭಾಯಿ ಮೌಸಿನ ಬಲಗುಂಡಿ ಒತ್ತಿದರು. ಕನ್ನಡದಲ್ಲಿ ಐದು ಸಾಲು ಮೂಡಿದವು: ಬರೆ, ಓದು, ಎಣಿಸು, ಚಿತ್ರ, ಮುಚ್ಚು.

"ಇಷ್ಟೇನಾ?"

"ಇದು ಲಿನಕ್ಸು ಅಕ್ಕೋರೆ, ಕಂಪ್ಯೂಟರ್ ನಡಸೋ ಪುಕ್ಕಟೆ ತಂತ್ರಾಂಶ. ಎಷ್ಟು ಬೇಕೋ ಅಷ್ಟೇ ಇಟ್ಕೊಬಹುದು. ಇನ್ನೇನ್ ಬೇಕು ಹೇಳ್ರಿ, ಇನ್ನೊಂದು ಸಾಲು ಸೇರಿಸ್ತೀನಿ."

ಎಷ್ಟು ಯೋಚಿಸಿದರೂ ಆರನೆಯದು ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ನಾಚಿಕೆಯೂ ಆಯಿತು. ನೀವೇ ಹೇಳಿ, ದೋಸೆಯ ಮೇಲೆ ಬೆಣ್ಣೆ ಹಾಕಿ, ಅದು ಕರಗುವ ಮುನ್ನ ಇನ್ನೊಂದು ಮುದ್ದೆ ಹಾಕಿ, ಸಾಲದೆಂದು ಪಕ್ಕದಲ್ಲೊಂದು ಉಂಡೆ ಇಟ್ಟು ಕೊಡುವ ಊರು ನಮ್ಮದು. 'ಸಾಕು' ಎನ್ನುವ ಮಾತನ್ನು ನಾವು ಕೇಳಿದರೂ ನಂಬುವುದಿಲ್ಲ.

ಭಾಯಿಯ ಇನ್ನೊಂದು ಹುಚ್ಚೆಂದರೆ ಸಣ್ಣ ಸಣ್ಣ ಹತಾರಗಳು, ಅಂದರೆ ಒಂದೊಂದೇ ಕೆಲಸ ಮಾಡುವ ಪುಟ್ಟ ತಂತ್ರಾಂಶಗಳು. ಎಲ್ಲ ಕೆಲಸ ಮಾಡುವ ದೊಡ್ಡ ತಂತ್ರಾಂಶ ಅವರಿಗೆ ಆಗದು. ಒಂದು ಪದಗಳನ್ನು ಬಿಡಿಸಬೇಕು, ಇನ್ನೊಂದು ಒಂದೇ ತೆರನಾದವನ್ನು ಒಟ್ಟಿಗೆ ಜೋಡಿಸಬೇಕು, ಮತ್ತೊಂದು ಎಣಿಸಬೇಕು. ಒಬ್ಬರು ಮುಗಿಸಿದ್ದನ್ನು ಪಕ್ಕದವರ ಕೈಗೆ ದಾಟಿಸಬೇಕು, ಅಷ್ಟೇ. "ಚಿಮಟದಾಗ ಸ್ಕ್ರೂ ತಿರುವಬಾರದು, ಸ್ಕ್ರೂಡ್ರೈವರ್‌ನಾಗ ಮುಳ್ಳು ಎತ್ತಬಾರದು" ಎನ್ನುತ್ತಿದ್ದರು. ಉದಾಹರಣೆಗೆಂದು ನನ್ನ ರಾಜ್ಯೋತ್ಸವ ಭಾಷಣವನ್ನು ಆ ಮೂರು ಹತಾರಗಳ ಮುಂದೆ ಹಿಡಿದರು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಎರಡು ಪುಟದ ಭಾಷಣದಲ್ಲಿ 'ಅತ್ಯಂತ' ಎಂಬ ಪದ ಇಪ್ಪತ್ತಾರು ಸಲ. ನಾನು ಮುಖ ತಗ್ಗಿಸಿದೆ. ಭಾಯಿ ಟೀ ತರಿಸಿದರು.

ಉಳಿದ ಏಳನ್ನೂ ಹಾಗೇ ಮಾಡಿಸೋಣವೆಂದಾಗ ಹೆಡ್ ಮಾಸ್ತರು ಹುಬ್ಬು ಏರಿಸಿದರು. "ಗಡಿಯಾರ ರಿಪೇರಿಯವ್ರ ಕೈಗೆ ಶಾಲೆ ಸಾಮಾನು ಕೊಡೋದಾ? ಹೆಚ್ಚುಕಮ್ಮಿ ಆದ್ರೆ ಯಾರ್ರೀ ಹೊಣೆ?"

"ನಾನು ಹೊಣೆ ಸಾರ್. ಅವರ ಕೆಲಸದ ಬಗ್ಗೆ ನನ್ನನ್ನ ಕೇಳಿ" ಎಂದೆ. ಎದೆಯುಬ್ಬಿಸಿಯೇ ಅಂದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಮೇಲೆ ನಾನೇ ಮರೆತೆ.

ಭಾಯಿ ವಾರಕ್ಕೆರಡು ದಿನ ಹರಿಹರಕ್ಕೆ ಬಂದು ಎಂಟನ್ನೂ ಎಬ್ಬಿಸಿ ನಿಲ್ಲಿಸಿದರು. ಹುಡುಗಿಯರಿಗೆ ಐದು ಸಾಲು ಒಂದೇ ದಿನಕ್ಕೆ ಬಾಯಿಪಾಠವಾಯಿತು. ತಿಂಗಳು ತುಂಬುವುದರೊಳಗೆ ಅವರ ಗೋಡೆಪತ್ರಿಕೆ ಸಿದ್ಧವಾಯಿತು. ಅಷ್ಟರಲ್ಲಿ ಮೇಲಧಿಕಾರಿಗಳು ತಪಾಸಣೆಗೆ ಬರುವ ಸುದ್ದಿ ಬಂತು. ಕಂಪ್ಯೂಟರ್ ಕೋಣೆ ಉಳಿಯಬೇಕೋ ಅಕ್ಕಿಯ ಕೋಣೆಯಾಗಬೇಕೋ ಎಂಬುದನ್ನು ಅವರೇ ನೋಡಿ ಹೇಳುವವರಿದ್ದರು.

ತಪಾಸಣೆಯೆಂದರೆ ಶಾಲೆಗೆ ಏನಾಗುತ್ತದೆಂದು ಮೇಷ್ಟ್ರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ಕಲ್ಲಿಗೂ ಸುಣ್ಣ, ಗಿಡದ ಬುಡಕ್ಕೂ ಕೆಮ್ಮಣ್ಣು. ಅಕ್ಕಪಕ್ಕದ ಮನೆಗಳಿಂದ ಒಳ್ಳೆಯ ಕುರ್ಚಿ, ಮೇಜಿಗೆ ಹಾಸಲು ಯಾರದೋ ರೇಷ್ಮೆ ಶಾಲು. ಬಾಗಿಲಲ್ಲಿ ಎಂಟು ಬಗೆಯ ಬಣ್ಣದ ರಂಗೋಲಿ. ಇಷ್ಟೆಲ್ಲ ಸಡಗರದ ನಡುವೆ ನನ್ನ ಕೋಣೆಯ ಎಂಟು ಪರದೆಗಳು ಬೋಳು ಹಣೆ ಹೊತ್ತು ಕೂತಿದ್ದವು. ನನಗೆ ತಡೆಯಲಾಗಲಿಲ್ಲ. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ, ಭಾಯಿ ನನ್ನ ಹೆಸರಿಗೆ ಬರೆದುಕೊಟ್ಟಿದ್ದ ಪಾಸ್‌ವರ್ಡ್ ಹಾಕಿ, ನನ್ನ ಫೋನಿನ ಇಂಟರ್‌ನೆಟ್ ಕೊಟ್ಟು, ಒಂದೊಂದನ್ನೂ ಸಿಂಗರಿಸಿದೆ. ನೀರು ಹರಿದಂತೆ ಕಾಣುವ ಹಿನ್ನೆಲೆ, ಕೆಳಗೆ ಕುಣಿಯುವ ಚಿತ್ರಗಳ ಸಾಲು, ದೊಡ್ಡ ಗಡಿಯಾರ, ಮೂಲೆಯಲ್ಲಿ ಮೌಸ್ ಹೋದ ಕಡೆಗೆಲ್ಲ ಹೊರಳುವ ಎರಡು ಕಣ್ಣು. ಒಂದು ನಿಮಿಷ ಎಲ್ಲವೂ ಚೆಂದ ಆಡಿದವು. ಸಾಕಷ್ಟು ಹೊತ್ತು ಓಡಿಸಿ ನೋಡುವ ತಾಳ್ಮೆ ನನಗಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಮರುದಿನ ಅಧಿಕಾರಿಗಳು ಬಂದರು. ಭಾಯಿಯೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಗೋಡೆಗೆ ತಾಗಿ ನಿಂತಿದ್ದರು. ಅಧಿಕಾರಿಗಳು ಮೊದಲ ಕಂಪ್ಯೂಟರಿನ ಮೌಸು ಹಿಡಿದರು. ನದಿ ನಿಂತುಬಿಟ್ಟಿತ್ತು. ಗಡಿಯಾರ ಬೆಳಗಿನ ಗಂಟೆಯನ್ನೇ ತೋರಿಸುತ್ತಿತ್ತು. ಮೌಸನ್ನು ಎತ್ತ ಎಳೆದರೂ ಆ ಎರಡು ಕಣ್ಣು ಅಧಿಕಾರಿಗಳನ್ನು ಬಿಟ್ಟು ಬಾಗಿಲನ್ನೇ ದಿಟ್ಟಿಸುತ್ತಿದ್ದವು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹುಡುಗಿಯೊಬ್ಬಳು, "ಸಾರ್, ನಿನ್ನೆ ಹಿಂಗಿರಲಿಲ್ರಿ!" ಎಂದು ಅಳುವುದಕ್ಕೇ ಶುರು ಮಾಡಿದಳು.

ಹೆಡ್ ಮಾಸ್ತರ ಮುಖ ಕೆಂಪಾಯಿತು. "ಯಾರ್ರೀ ಇದನ್ನೆಲ್ಲ ತುಂಬಿದ್ದು?"

ಬಾಯಿ ತೆರೆಯಬೇಕಾದವಳು ನಾನು. ಹೊಣೆ ಎಂದವಳು ನಾನು. ಬರೀ ಸುಮ್ಮನಿದ್ದಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ; ನಾನು ತಿರುಗಿ ಇಸ್ಮಾಯಿಲ್ ಭಾಯಿಯ ಕಡೆ ನೋಡಿದೆ. ನಾನು ನೋಡಿದ ಕಡೆಗೇ ಇಡೀ ಕೋಣೆ ನೋಡಿತು.

ಭಾಯಿ ಒಂದು ಸಲ ಪರದೆಯನ್ನು ನೋಡಿದರು, ಒಂದು ಸಲ ನನ್ನನ್ನು. "ನನ್ನ ಕೈಯಾಗ ಸ್ವಲ್ಪ ಜಾಸ್ತಿ ಆಗೈತೆ ಸಾಹೇಬ್ರೆ. ಹತ್ತು ನಿಮಿಷ ಕೊಡ್ರಿ, ನೀವು ಟೀ ಕುಡುದು ಬರ್ರಿ" ಎಂದರು.

ಅಧಿಕಾರಿಗಳು ಟೀ ಕುಡಿದು ಬಂದಾಗ ಎಂಟೂ ಪರದೆಗಳು ಮತ್ತೆ ಬೂದಾಗಿದ್ದವು. ಹುಡುಗಿಯರು ಐದು ಸಾಲು ತೆರೆದು, ಅವರು ಹೇಳಿದ್ದನ್ನೆಲ್ಲ ಪಟಪಟನೆ ಬರೆದು ತೋರಿಸಿದರು. ಕೋಣೆ ಉಳಿಯಿತು. ತಪಾಸಣೆಯ ಪುಸ್ತಕದಲ್ಲಿ ಕನ್ನಡ ಶಿಕ್ಷಕಿಯ ಮುತುವರ್ಜಿಯನ್ನು ಮೆಚ್ಚಿ ಎರಡು ಸಾಲು ಬಿತ್ತು. ಸಂಜೆ ಹೆಡ್ ಮಾಸ್ತರು ಭಾಯಿಯನ್ನು ಕರೆದು, "ಇನ್ನು ನೀವು ಬರೋದು ಬ್ಯಾಡ್ರಿ, ನಾವೇ ನೋಡ್ಕೊಂತೀವಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮುಂದೆ ಮಾಯಕೊಂಡಕ್ಕೆ ವರ್ಗವಾಯಿತು, ನಿವೃತ್ತಿಯೂ ಆಯಿತು. ಏಳು ವರ್ಷ ಆ ಗಲ್ಲಿಯ ಕಡೆ ತಲೆ ಹಾಕಲಿಲ್ಲ. ಆನೆಕೊಂಡಕ್ಕೆ ಹೋಗಬೇಕಾದಾಗಲೂ ಸುತ್ತು ಬಳಸಿ ಹೋದೆ. ತಪ್ಪು ಮಾಡಿದ್ದಕ್ಕಿಂತ, ತಪ್ಪಿಸಿಕೊಂಡು ತಿರುಗಿದ್ದೇ ಹೆಚ್ಚು ದಣಿವು ತಂದಿತು.

ಮೊನ್ನೆ ಆ ಉಂಗುರ ಸುತ್ತುವುದನ್ನು ನೋಡುತ್ತ ಕೂತವಳಿಗೆ ಇನ್ನು ಸಾಕೆನಿಸಿತು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅಂಗಡಿ ಅಲ್ಲೇ ಇತ್ತು. ಭಾಯಿಯ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಅಕ್ಕೋರೆ, ಎಷ್ಟ್ ದಿನಾ ಆತು! ಕೂಡ್ರಿ."

ಕೂರಲಿಲ್ಲ. ಕೂತರೆ ಮತ್ತೆ ಹೇಳಲಾರೆನೆಂದು ನಿಂತೇ ಹೇಳಿಬಿಟ್ಟೆ. "ಭಾಯಿ, ಆವತ್ತು ಹರಿಹರದಾಗೆ ಅವನ್ನೆಲ್ಲ ತುಂಬಿದ್ದು ನಾನು."

"ಗೊತ್ರಿ."

"ಯಾವಾಗ ಗೊತ್ತಾತು?"

"ಆವತ್ತೇ. ಯಾರು ಬಂದ್ರು, ಏನೇನ್ ಹಾಕಿದ್ರು, ಎಷ್ಟೊತ್ತಿಗೆ ಹಾಕಿದ್ರು ಅಂತ ಮಷೀನು ಒಂದ್ ಕಡೆ ಬರ್ಕೊಂತಾ ಹೋಗತೈತೆ ಅಕ್ಕೋರೆ. ನಾನು ಮೊದ್ಲು ನೋಡಿದ್ದೇ ಅದನ್ನ. ಹಿಂದಿನ ದಿನ ಸಂಜಿ ಐದಕ್ಕೆ, ನಿಮ್ ಹೆಸರು."

"ಮತ್ತೆ ಯಾಕ ಸುಮ್ನಾದ್ರಿ?"

ಅವರು ನನ್ನ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. "ನಾನು ಹೊರಗಿನಾವ, ನನಗೆ ಅಂಗಡಿ ಐತೆ. ನೀವು ದಿನಾ ಅಲ್ಲೇ ಹೋಗಿ ಆ ಹುಡುಗ್ಯಾರ ಮುಂದೆ ನಿಂದ್ರಬೇಕಲ್ರಿ. ನಾಳೆ ಹೆಡ್ ಮಾಸ್ಟ್ರು ಯಾರನ್ನಾರ ಕರಸಿ ಒಳಗ ನೋಡಿಸಿದ್ರೆ ಹೆಂಗೆ ಅಂತ, ನಿಮ್ ಹೆಸರಿನ ಆ ಸಾಲನ್ನೂ ತೆಗದಾಕಿದೆ."

ನನಗೆ ಅಳು ಬಂತು, ಅತ್ತುಬಿಟ್ಟೆ. ನಾನು ಏಳು ವರ್ಷ ಹೊತ್ತು ತಿರುಗಿದ ಅದೇ ಸಾಲನ್ನು ಇಸ್ಮಾಯಿಲ್ ಭಾಯಿ ಆ ಹತ್ತು ನಿಮಿಷದೊಳಗೆ ಎಂಟು ಕಡೆಯೂ ಅಳಿಸಿ, ಯಾರೂ ಒಂದು ಲೋಟ ನೀರು ಬೇಕೇ ಎಂದು ಕೂಡ ಕೇಳದಿದ್ದರೂ, ಬಿಳಿ ಅಂಗಿಯಲ್ಲೇ ದಾವಣಗೆರೆಯ ಬಸ್ಸು ಹತ್ತಿದ್ದರು.