ಎರೆಮಣ್ಣಿನ ಮೇಲೊಂದು ಶಾಲೆ

ಅಜ್ಜಂಪುರದಿಂದ ಆಟೋದಲ್ಲಿ ಹೋಗಬೇಕಾದ ಒಂದು ಊರಿನ ಸರ್ಕಾರಿ ಶಾಲೆಗೆ ನಾನು ಮುಖ್ಯ ಶಿಕ್ಷಕಿಯಾಗಿ ವರ್ಗವಾಗಿ ಬಂದಾಗ, ನಾಲ್ಕನೇ ತರಗತಿಯ ಕೋಣೆಯಲ್ಲಿ ಒಂದು ದೊಡ್ಡ ಭೂಪಟ ತೂಗುಹಾಕಿದ್ದರು. ಧೂಳು ಹೊಡೆಯೋಣವೆಂದು ಅದನ್ನು ಇಳಿಸಿದೆ. ಹಿಂದೆ ಬಿರುಕು. ಕಿಟಕಿಯ ಮೂಲೆಯಿಂದ ಹೊರಟು ಸೂರಿನವರೆಗೂ ಹರಿದಿತ್ತು. ನನ್ನ ಬೆರಳು ಸಲೀಸಾಗಿ ಒಳಗೆ ಹೋಯಿತು. ಬೆಚ್ಚಿಬಿದ್ದವಳು ನಾನೊಬ್ಬಳೇ. ಮಕ್ಕಳಿಗೆ ಅದು ಮೊದಲೇ ಗೊತ್ತಿತ್ತು. ‘ಅದ್ರೊಳಗೆ ಹಲ್ಲಿ ಅದೆ ಮಿಸ್’ ಎಂದಳು ಮುಂದಿನ ಸಾಲಿನ ಹುಡುಗಿ.

ಊರಿನ ಪಕ್ಕದಲ್ಲೇ ರೈಲು ದಾರಿ. ಗೂಡ್ಸ್ ಗಾಡಿ ಹೋದಾಗಲೆಲ್ಲ ಹೆಂಚುಗಳು ಸಣ್ಣಗೆ ಗಲಗಲ ಎನ್ನುತ್ತಿದ್ದವು. ಹಳೆಯ ಶಿಕ್ಷಕರು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದರು. ನಾನು ಮಾತ್ರ ರೈಲಿನ ಸದ್ದು ಬಂದರೆ ಸಾಕು, ಬರೆಯುತ್ತಿದ್ದ ಕೈ ನಿಲ್ಲಿಸಿ ಮೇಲೆ ನೋಡುತ್ತಿದ್ದೆ.

ಪತ್ರ ಬರೆದು ಬರೆದು ಕೊನೆಗೆ ತಾಲ್ಲೂಕಿನ ಎಂಜಿನಿಯರ್ ಬಂದರು. ಗೋಡೆಯನ್ನು ತಟ್ಟಿ ನೋಡಿ, ‘ಎರೆಭೂಮಿ ಮೇಡಂ. ಮಳೇಲಿ ಉಬ್ಬುತ್ತೆ, ಬೇಸಿಗೇಲಿ ಬಿರಿಯುತ್ತೆ. ಇದರ ಮೇಲೆ ಆಳ ಇಲ್ಲದ ಪಾಯ ಹಾಕಿದ್ರೆ ಹಿಂಗೇ’ ಎಂದರು. ಬಿರುಕಿನ ಅಡ್ಡಕ್ಕೆ ಒಂದು ಹಿಡಿ ಸಿಮೆಂಟನ್ನು ಬಳಿದು, ‘ಇದು ಒಡೆದ್ರೆ ಗೋಡೆ ಇನ್ನೂ ಸರೀತಾ ಇದೆ ಅಂತ ತಿಳ್ಕೊಳ್ಳಿ’ ಎಂದು ಹೇಳಿ ಹೋದರು.

ಆಮೇಲೆ ಪ್ರತಿ ಬೆಳಿಗ್ಗೆ ಶಾಲೆಗೆ ಬಂದವಳು ಮೊದಲು ಹೋಗುತ್ತಿದ್ದುದು ಆ ಸಿಮೆಂಟಿನ ಹತ್ತಿರಕ್ಕೆ. ಕಡೂರಿನ ನಮ್ಮ ಮನೆಯಿಂದ ಹೊರಟು ಬೀರೂರಿನಲ್ಲಿ ಬಸ್ಸು ಬದಲಾಯಿಸುವಾಗಲೂ ಅದೇ ಯೋಚನೆ. ಒಂದು ಸೋಮವಾರ ಮಳೆ ಹಿಡಿದಿತ್ತು. ಹೋಗಿ ನೋಡಿದರೆ ಸಿಮೆಂಟು ನಡುವೆ ಕೂದಲೆಳೆಯಷ್ಟು ಸೀಳಿತ್ತು. ಪ್ರಾರ್ಥನೆಗೆ ನಿಂತ ಮಕ್ಕಳನ್ನು ಒಳಗೆ ಬಿಡದೆ ಹಾಗೇ ಸಾಲಾಗಿ ನಡೆಸಿಕೊಂಡು ಊರಿನ ಮಠದ ಸಮುದಾಯ ಭವನಕ್ಕೆ ಹೋದೆ. ಭವನ ನೋಡಿಕೊಳ್ಳುವ ಮೇಟಿ ಬೀಗ ತೆಗೆಯುತ್ತ, ‘ಯಾರನ್ನ ಕೇಳಿ ಬಂದ್ರಿ ಮೇಡಂ?’ ಎಂದ. ಯಾರನ್ನೂ ಕೇಳಿರಲಿಲ್ಲ. ಅಂದಿನಿಂದ ಪಾಠ ಅಲ್ಲೇ ನಡೆಯಿತು.

ದಸರಾ ರಜೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಶಾಲಾ ಸಮಿತಿಯ ಅಧ್ಯಕ್ಷರ ಫೋನು. ಅವರು ಈರುಳ್ಳಿ ವ್ಯಾಪಾರದ ಮನೆತನದವರು, ನಿಧಾನಸ್ಥರು. ಅವತ್ತು ಮಾತ್ರ ನಮಸ್ಕಾರವನ್ನೂ ಹೇಳಲಿಲ್ಲ. ‘ಮೇಡಂ, ನಾಕನೇ ಕ್ಲಾಸು ಬಿದ್ದೋಯ್ತು ಕಣ್ರೀ.’

ರಜೆ ಎಂಬುದೂ, ಮಕ್ಕಳು ಭವನದಲ್ಲಿ ಕೂರುತ್ತಿದ್ದುದೂ ನನಗೆ ಆ ಕ್ಷಣ ಮರೆತೇಹೋಯಿತು. ‘ಮಕ್ಕಳು?’ ಎಂದು ಕಿರುಚಿದೆ. ಅನ್ನದ ತಟ್ಟೆ ಮಗುಚಿ ಬಿತ್ತು. ‘ಯಾರೂ ಇರ್ಲಿಲ್ಲ, ಯಾರೂ ಇರ್ಲಿಲ್ಲ’ ಎಂದು ಅವರು ಹೇಳುತ್ತಲೇ ಇದ್ದರು. ನನ್ನ ಕಿವಿಗೆ ಹೋಗಲಿಲ್ಲ. ಗಂಡ ಫೋನು ಇಸಿದುಕೊಂಡು ಮಾತಾಡಿದರು.

ಬಿದ್ದ ಮೇಲೆ ಕೆಲಸಕ್ಕೆ ಚುರುಕು ಬಂತು. ಹೊಸ ಕೋಣೆಗಳಿಗೆ ಇಲಾಖೆ ಒಪ್ಪಿತು. ಖರ್ಚಿನ ಒಂದು ಪಾಲನ್ನು ಮಠವೂ ಹಳೆಯ ವಿದ್ಯಾರ್ಥಿಗಳೂ ಹೊತ್ತಿದ್ದರಿಂದ, ಎಲ್ಲಿ ಕಟ್ಟಬೇಕು, ಯಾರು ನಕ್ಷೆ ಬರೆಯಬೇಕು, ಯಾರು ಕಟ್ಟಬೇಕು ಎಂದು ಶಿಫಾರಸು ಮಾಡುವ ಹೊಣೆ ಶಾಲಾ ಸಮಿತಿಯ ತಲೆಗೆ ಬಂತು. ಸಮಿತಿಯೆಂದರೆ ಅಧ್ಯಕ್ಷರು, ಏಳೆಂಟು ತಂದೆತಾಯಿಯರು, ಕಾರ್ಯದರ್ಶಿಯಾಗಿ ನಾನು. ನಮ್ಮಲ್ಲಿ ಯಾರೂ ಒಂದು ಮನೆಗಿಂತ ದೊಡ್ಡದನ್ನು ಕಟ್ಟಿಸಿದವರಲ್ಲ.

ಕಟ್ಟಲು ಎರಡು ಕಡೆಯವರು ಮುಂದೆ ಬಂದರು. ಒಬ್ಬ ನಮ್ಮ ಸುತ್ತಮುತ್ತಿನವನೇ ಆದ ಕಂಟ್ರಾಕ್ಟರು. ಊರಿನ ಅರ್ಧ ಜನ ಅವನಿಗೆ ಒಂದಲ್ಲ ಒಂದು ಕಾರಣಕ್ಕೆ ಹೆದರುತ್ತಿದ್ದರು, ಉಳಿದರ್ಧ ಅವನಿಗೆ ನೆಂಟರು. ಇನ್ನೊಂದು ಕಡೆ, ತರೀಕೆರೆಯ ಗಂಡಹೆಂಡಿರು. ಆಕೆ ನಕ್ಷೆ ಬರೆಯುವವಳು, ಆತ ಕಟ್ಟುವವನು. ಅವರು ಸಮಿತಿಯ ಸಭೆಗೆ ಬಂದ ದಿನ ಬಾಯಿಮಾತು ಹೆಚ್ಚೇನೂ ಆಡಲಿಲ್ಲ. ‘ಮೊದಲು ಗುಂಡಿ ತೋಡಿ ಮಣ್ಣು ಪರೀಕ್ಷೆ ಮಾಡಿಸೋಣ, ಆಮೇಲೆ ನಕ್ಷೆ’ ಎಂದರು. ಅಲ್ಲೇ ಕೂತಿದ್ದ ಕಂಟ್ರಾಕ್ಟರು ನಕ್ಕ. ‘ಮಣ್ಣಲ್ಲಿ ಏನೈತೆ ನೋಡಾಕೆ? ಇದೇ ಮಣ್ಣಾಗೆ ಈರುಳ್ಳಿ ಬೆಳ್ದು ದೊಡ್ಡೋರಾದೋರು ನಾವು.’ ಜನರೂ ನಕ್ಕರು. ನಾನು ನಗಲಿಲ್ಲ. ಅದನ್ನು ಅವನು ಗಮನಿಸಿದ.

ಆ ವಾರವೇ ಒಂದು ಸಂಜೆ ಅವನು ಕಡೂರಿನ ನಮ್ಮ ಮನೆಗೆ ಬಂದ. ಕೈಯಲ್ಲಿ ಎಳನೀರಿನ ಗೊನೆ. ಗಂಡ ಇನ್ನೂ ಬಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಬಹಳ ವಿನಯವಾಗಿ ಕೂತು ಗೋಡೆಯ ಫೋಟೋಗಳನ್ನು ನೋಡಿದ.

‘ಮಗಳು ಇವ್ರೇ ಅಲ್ವಾ ಮೇಡಂ? ಚಿಕ್ಕಮಗಳೂರ್ ಕಾಲೇಜು. ಬಸ್‌ಸ್ಟ್ಯಾಂಡಿಂದ ಕೆರೆ ಕಡೆ ದಾರೀಲಿ ಒಬ್ಳೇ ನಡ್ಕಂಬತ್ತಾಳೆ, ಸಂಜೆ. ನೋಡಿದೀನಿ. ಕತ್ಲಾಯ್ತದೆ ಈಗ ಬೇಗ.’

ಅಷ್ಟೇ. ಶಾಲೆಯ ಸುದ್ದಿಯನ್ನೇ ಎತ್ತಲಿಲ್ಲ. ಕಾಫಿ ಕುಡಿದು, ‘ಬತ್ತೀನಿ ಮೇಡಂ’ ಎಂದು ಕೈಮುಗಿದು ಹೋದ.  ಹೆದರಿಸಿದನೋ, ತಾನೂ ಹೆಣ್ಣುಮಕ್ಕಳ ತಂದೆಯೆಂದು ಎಚ್ಚರಿಸಿದನೋ? ಹೆದರಿಸಿದ ಎಂದರೆ ಯಾರು ನಂಬುತ್ತಾರೆ, ಅವನ ಮಾತಿನಲ್ಲಿ ತಪ್ಪೆಲ್ಲಿತ್ತು? ಮಗಳು ಮನೆಗೆ ಬರುವಷ್ಟರಲ್ಲಿ ನಾನು ಬಾಗಿಲಲ್ಲೇ ನಿಂತಿದ್ದೆ. ಮರುದಿನದಿಂದ ಅವಳನ್ನು ಕರೆತರಲು ಗಂಡ ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದರು. ಕಾರಣವನ್ನು ಅವಳಿಗೆ ಹೇಳಲಿಲ್ಲ. ‘ಬಿಟ್ಬಿಡೇ. ಅವನೇ ಕಟ್ಟಲಿ. ನಿನ್ನ ಮನೆಯೇನಲ್ಲವಲ್ಲ’ ಎಂದರು ಗಂಡ. ನನಗೂ ಬಿಡಬೇಕೆನಿಸಿತ್ತು. ಆದರೆ ಕಣ್ಣು ಮುಚ್ಚಿದರೆ ಇಟ್ಟಿಗೆ ರಾಶಿಯಡಿ ನಜ್ಜುಗುಜ್ಜಾಗಿದ್ದ ಬೆಂಚುಗಳು ಕಾಣುತ್ತಿದ್ದವು.

ಸಭೆಯಲ್ಲಿ ಅವನ ವಿರುದ್ಧ ಮಾತಾಡುವ ಎದೆ ನನಗಿರಲಿಲ್ಲ. ಅದಕ್ಕೇ, ‘ಎರಡೂ ಕಡೆಯವರು ಕಟ್ಟಿರೋ ಶಾಲೆಗಳನ್ನ ಎಲ್ಲರೂ ಒಮ್ಮೆ ಕಣ್ಣಾರೆ ನೋಡ್ಕೊಂಡು ಬರೋಣ’ ಎಂದಷ್ಟೇ ಹೇಳಿದೆ. ಅದಕ್ಕೆ ಬೇಡ ಎನ್ನಲು ಯಾರಿಗೂ ದಾರಿಯಿರಲಿಲ್ಲ. ಒಂದು ಟೆಂಪೋದಲ್ಲಿ ಹೊರಟೆವು. ತರೀಕೆರೆಯವರು ಕಟ್ಟಿದ್ದ ಶಾಲೆ ಸಿಂಗಟಗೆರೆಯ ಕಡೆಗಿತ್ತು. ನೋಡಲು ಅಂಥ ಚೆಂದವೇನಲ್ಲ. ಬಣ್ಣ ಮಾಸಿತ್ತು. ಆದರೆ ಹಲವು ಮಳೆಗಾಲ ಕಂಡ ಗೋಡೆಗಳು ನೆಟ್ಟಗಿದ್ದವು.

ಕಂಟ್ರಾಕ್ಟರು ಕಟ್ಟಿದ್ದು ಎಮ್ಮೆದೊಡ್ಡಿ ಕಾವಲಿನ ಆಚೆ. ದನಗಳು ಮೇಯುವ ಬಯಲು ದಾಟಿ ಹೋದರೆ ದೂರದಿಂದಲೇ ಹೊಳೆಯುವ ಬಣ್ಣದ ಕಟ್ಟಡ. ನಮ್ಮವರಲ್ಲಿ ಒಬ್ಬ, ‘ಏನ್ ಜೋರೈತಲ್ಲೋ’ ಎಂದ. ಅಲ್ಲಿನ ಮೇಷ್ಟರು ನಮ್ಮನ್ನು ಕಂಡು ಗಾಬರಿಯಾದರು. ಕಟ್ಟಡ ಹೇಗಿದೆ ಸರ್ ಎಂದು ಅಧ್ಯಕ್ಷರು ಕೇಳಿದರು. ‘ಚೆನ್ನಾಗಿದೆ. ಬಹಳ ಚೆನ್ನಾಗಿದೆ’ ಎಂದು ಅವರು ಬಾಗಿಲ ಕಡೆ ನೋಡುತ್ತ ಹೇಳಿದರು. ಯಾರು ಬಂದಾರು ಎಂಬ ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು.

ನಮ್ಮೊಂದಿಗೆ ಬಂದಿದ್ದ ಒಬ್ಬ ತಾಯಿ, ಕೂಲಿಗೆ ಹೋಗುವಾಕೆ, ತರಗತಿಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ‘ಯಾಕ್ ಸಾರ್, ಮಕ್ಳೆಲ್ಲ ಒಂದೇ ಕಡೆ ಕುಂತವ್ರೆ?’

ಎಲ್ಲರೂ ನೋಡಿದೆವು. ಕೋಣೆಯ ಅರ್ಧ ಖಾಲಿ. ಮಕ್ಕಳು ಇನ್ನೊಂದು ಅರ್ಧದಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಖಾಲಿ ಭಾಗದ ಮೇಲೆ ಚಾವಣಿಯ ಗಾರೆ ಉದುರಿ, ತುಕ್ಕು ಹಿಡಿದ ಕಂಬಿ ಹೊರಗೆ ಬಂದಿತ್ತು.  ಮೇಷ್ಟರ ಕಣ್ಣಲ್ಲಿ ನೀರಿತ್ತು.

 ವಾಪಸು ಬರುವಾಗ ಟೆಂಪೋದಲ್ಲಿ ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ನನ್ ಮಗೀನ ಅಂಥದ್ರಾಗೆ ಕೂರ್ಸಾಕಿಲ್ಲ ಕಣವ್ವ’ ಎಂದು ನನಗೆ ಹೇಳಿದಳು. ‘ನನಗೂ ಭಯ ಆಗ್ತದೆ’ ಎಂದೆ. ಅದನ್ನು ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಸಭೆಯ ದಿನ ಕಂಟ್ರಾಕ್ಟರು ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಯಾರಿಗೆ ಕೊಡೋಣ ಎಂದು ಅಧ್ಯಕ್ಷರು ಕೇಳಿದರು.   ನಾನು ಎದ್ದು ನಿಂತೆ.  ‘ತರೀಕೆರೆಯವರು’ ಎಂದೆ. ದನಿ ಸಣ್ಣಗೆ ಬಂತು. ಕೂಲಿಯ ತಾಯಿ ಕೈ ಎತ್ತಿದಳು. ಆಮೇಲೆ ಇನ್ನೊಬ್ಬಾಕೆ. ಗಂಡಸರು ನೆಲ ನೋಡುತ್ತ ಕೂತಿದ್ದರು. ಕೊನೆಗೆ ಅಧ್ಯಕ್ಷರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಕಂಟ್ರಾಕ್ಟರಿಗೇ ಹೇಳಿದರು: ‘ಬೇಜಾರ್ ಮಾಡ್ಕೋಬ್ಯಾಡ ಕಣಪ್ಪ. ನೀನು ನಮ್ಮೋನೇ. ಆದ್ರೆ ಅವತ್ತು ಫೋನ್ ಮಾಡಿದೋನು ನಾನು. ಇನ್ನೊಂದ್ ಸಲ ಅಂಥ ಫೋನ್ ಮಾಡಾಕೆ ನನ್ ಕೈಲಾಗಲ್ಲ.’

ಅವನು ಎದ್ದು ಹೋದ.  ಹೊರಗೆ ಅವನ ಜೀಪು ಹೊರಟ ಸದ್ದು ಪೂರ್ತಿ ಅಡಗುವವರೆಗೆ ನಾವ್ಯಾರೂ ಅಲುಗಾಡಲಿಲ್ಲ.

ನಾನು ಹೆದರಿದ್ದ ಯಾವುದೂ ನಡೆಯಲಿಲ್ಲ. ಯಾರೂ ಮಗಳ ಹಿಂದೆ ಬರಲಿಲ್ಲ, ಕಲ್ಲು ತೂರಲಿಲ್ಲ. ನಡೆಯಲಿಲ್ಲವಾದರೂ ಪ್ರತಿ ಸಂಜೆ ಕಾಯುವುದು ತಪ್ಪಲಿಲ್ಲ. ತರೀಕೆರೆಯವರು ಪಾಯಕ್ಕೆ ಎರೆಮಣ್ಣನ್ನು ಆಳಕ್ಕೆ ತೆಗೆಸಿ ಗಟ್ಟಿ ನೆಲ ಸಿಗುವವರೆಗೆ ಹೋದರು. ಕೆಲಸ ತಡವಾಯಿತು. ಮಠದ ಭವನದಲ್ಲಿ ಮದುವೆಯಿದ್ದ ದಿನಗಳಲ್ಲಿ ಮಕ್ಕಳು ಹೊಂಗೆಮರದಡಿ ಕೂತರು. ಊರಿನವರಿಂದ ಬೈಸಿಕೊಂಡೆ. ಕೋಣೆಗಳು ಮುಗಿದ ಮೇಲೂ ಶೌಚಾಲಯಕ್ಕೆ ನೀರು ಬರಲು ಬಹಳ ಕಾಲ ಹಿಡಿಯಿತು. ಕಾಂಪೌಂಡಿನ ಕೆಲಸ ಬೇರೆ ಯಾವುದೋ ಯೋಜನೆಯಲ್ಲಿ ಅದೇ ಕಂಟ್ರಾಕ್ಟರಿಗೆ ಸಿಕ್ಕಿತು. ನಾವು ದಿನವೂ ಎದುರಾಗುತ್ತಿದ್ದೆವು. ಅವನು ಕೈಮುಗಿಯುತ್ತಿದ್ದ, ನಾನೂ ಮುಗಿಯುತ್ತಿದ್ದೆ.

ಈಗ ನಾನು ತರೀಕೆರೆಯ ಹತ್ತಿರದ ಶಾಲೆಯೊಂದಕ್ಕೆ ವರ್ಗವಾಗಿದ್ದೇನೆ. ಮೊನ್ನೆ ಅಲ್ಲಿಯೂ ಹೊಸ ಕೋಣೆಗಳ ಮಾತು ಬಂತು. ಕಟ್ಟುವವರನ್ನು ಆರಿಸುವ ಸಮಿತಿಯಲ್ಲಿ ನೀವು ಇರಲೇಬೇಕು ಎಂದರು. ಸರಿ ಎಂದೆ. ಮನೆಗೆ ಬಂದವಳು ಬಾಗಿಲ ಚಿಲಕ ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಎಳೆದು ನೋಡಿದೆ.