ಕಡಿಮೆಯಾದ ಎರಡು ಬಾಗಿನ

ಈ ಸಲದ ಗೌರಿ ಹಬ್ಬಕ್ಕೆ ನನ್ನ ಮಗಳು ತಾನೇ ಕೂತು ಹೋಳಿಗೆ ತಟ್ಟಿದಳು. ಮೊಮ್ಮಗಳು ಅವಳ ಬೆನ್ನಿಗೆ ಜೋತುಬಿದ್ದು, ಅಮ್ಮನ ಕೂದಲು ಮತ್ತೆ ಬಂದಿದೆ ಎಂದು ಬಂದವರಿಗೆಲ್ಲ ಎಳೆದೆಳೆದು ತೋರಿಸುತ್ತಿದ್ದಳು. ನೋಡಿಯೇ ನನ್ನ ಹೊಟ್ಟೆ ತುಂಬಿತು. ಆ ಖುಷಿಯಲ್ಲೇ ಬರೆಯಲು ಕೂತಿದ್ದೇನೆ, ಆದರೆ ಪೆನ್ನು ಹಿಡಿದರೆ ಸಿಟ್ಟೇ ಮೊದಲು ಬರುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸಿಟ್ಟನ್ನು ಚಂದ ಮಾಡಿ ಬರೆಯಲು ಬಾರದು.

ಮಗಳಿಗೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದಾಗ ಮಂಗಳೂರಿಗೆ ಕರೆದುಕೊಂಡು ಹೋದೆವು. ಯಜಮಾನರು ತೀರಿಕೊಂಡ ಮೇಲೆ ಮೂಡಿಗೆರೆಯ ನಮ್ಮ ಅಂಗಡಿ, ಮನೆ ಎರಡಕ್ಕೂ ಹಿರಿಯರು ಮೈದುನ. ಅವರೂ ಜೊತೆಗೆ ಬಂದರು. ಗಡ್ಡೆ ತೆಗೆದ ಡಾಕ್ಟರಮ್ಮ, ಕುಟುಂಬದಲ್ಲಿ ಇನ್ನಾರಿಗಾದರೂ ಅಂಡಾಶಯದ್ದೋ ಎದೆಯದೋ ಕ್ಯಾನ್ಸರ್ ಆಗಿತ್ತಾ ಎಂದು ಕೇಳಿದರು. ನಾನು ನನ್ನ ಅಮ್ಮ, ಅಜ್ಜಿ, ಅಕ್ಕತಂಗಿಯರನ್ನೆಲ್ಲ ನೆನೆದು ಇಲ್ಲ ಎಂದೆ. ಮೈದುನ, "ನಮ್ಮನೇಲಂತೂ ಯಾರಿಗೂ ಇಲ್ಲ" ಎಂದರು. ಮಾತು ಅಲ್ಲಿಗೇ ನಿಂತಿತು.

ಊರಿಗೆ ಬಂದ ಮೇಲೆ ಅದೇ ಮಾತು ನನ್ನ ಕಡೆ ತಿರುಗಿತು. ನೋಡಲು ಬಂದವರ ಮುಂದೆ ಮೈದುನ, "ಹೆಂಗಸ್ರ ಕಾಯಿಲೆ ಅಲ್ವಾ, ತಾಯಿ ಕಡೆಯಿಂದ್ಲೇ ಬಂದಿರ್ಬೇಕು" ಎನ್ನುವರು. ನಾನು ಅದನ್ನು ಕೇಳಿಕೊಂಡೇ ಅವರಿಗೆಲ್ಲ ಕಾಫಿ ಕೊಡಬೇಕು.

ಕೀಮೋ ನಡೆಯುತ್ತಿರುವಾಗಲೇ ಆ ವರ್ಷದ ಗೌರಿ ಬಂತು. ಮನೆಯ ಹೆಣ್ಣುಮಕ್ಕಳ ಬಾಗಿನಕ್ಕೆಂದು ಮೊರಗಳಿಗೆ ಅರಿಸಿನ ಹಚ್ಚಿ ಒಣಗಲು ಇಟ್ಟಿದ್ದೆ. ಮುಂಚೆ ಈ ಗೋಡೆಯುದ್ದಕ್ಕೂ ಮೊರ ನಿಲ್ಲುತ್ತಿದ್ದವಲ್ಲ ಎನಿಸಿತು. ಯಜಮಾನರ ಇಬ್ಬರು ತಂಗಿಯರ ಬಾಗಿನ ಕಡಿಮೆಯಾಗಿತ್ತು. ಒಬ್ಬಳನ್ನು ಸಂಸೆಗೆ ಕೊಟ್ಟಿತ್ತು, ಇನ್ನೊಬ್ಬಳನ್ನು ಹೊರನಾಡಿಗೆ. ಇಬ್ಬರೂ ಹೊಟ್ಟೆ ಉಬ್ಬಿ, ನೀರು ತುಂಬಿ ಸತ್ತವರು. ನನ್ನ ಮಗಳಿಗೂ ಮೊದಲು ಉಬ್ಬಿದ್ದು ಹೊಟ್ಟೆಯೇ. ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟು ಎದ್ದು ಮೈದುನರ ಮುಂದೆ ನಿಂತೆ.

"ಡಾಕ್ಟ್ರು ಕೇಳ್ದಾಗ ಅವ್ರಿಬ್ರ ವಿಷಯ ಯಾಕೆ ಹೇಳ್ಲಿಲ್ಲ?"

"ಅವ್ರು ನಮ್ಮನೆಯವ್ರು ಹೆಂಗಾಗ್ತಾರೆ ಅತ್ತಿಗೆ? ಧಾರೆ ಎರೆದು ಕೊಟ್ಟಾಯ್ತು. ಗೋತ್ರವೇ ಬೇರೆ."

"ಹಂಗಾದ್ರೆ ವರ್ಷ ವರ್ಷ ಜೀಪು ಹತ್ತಿ ಬಾಗಿನ ಹೊತ್ಕೊಂಡು ಹೋಗ್ತಿದ್ರಲ್ಲ ಮಾರಾಯ್ರೆ, ಅದು ಯಾರ ಹೆಣ್ಮಕ್ಕಳಿಗೆ?"

"ಅದು ಶಾಸ್ತ್ರ. ಇದು ಕಾಯಿಲೆ."

ಅವರು ಸುಳ್ಳು ಹೇಳಿರಲಿಲ್ಲ, ಹಾಗೆಂದೇ ನಂಬಿದ್ದರು. ನನಗೆ ಹೆಚ್ಚು ಉರಿದದ್ದು ಅದಕ್ಕೇ.

ಮಗಳು ಮಲಗಿದಲ್ಲಿಂದಲೇ ಡಾಕ್ಟರಮ್ಮನಿಗೆ ಫೋನು ಮಾಡಿ ಸೋದರತ್ತೆಯರ ಸಂಗತಿ ಹೇಳಿದಳು. ಕೂಡಲೇ ಬರಹೇಳಿ ಅವಳ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಒಂದು ಜೀನಿನಲ್ಲಿ ದೋಷ ಇದೆ ಎಂದು ಬಂತು. ಆಮೇಲೆ ನನ್ನದನ್ನೂ ನೋಡಿದರು, ನನ್ನಲ್ಲಿ ಅದು ಇರಲಿಲ್ಲ.

"ಜೀನುಗಳು ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಬರ್ತದೆ ಅಮ್ಮ," ಎಂದರು ಡಾಕ್ಟರಮ್ಮ. "ಇದು ಅಪ್ಪನ ಕಡೆಯದು. ಗಂಡಸರ ಮೂಲಕವೂ ಇಳಿದು ಬರ್ತದೆ. ಆದ್ರೆ ಗೊತ್ತಾಗಿದ್ದು ಒಳ್ಳೇದಾಯ್ತು. ಇಂಥ ಗಡ್ಡೆಗೆ ಔಷಧಿ ಸಾಮಾನ್ಯವಾಗಿ ಚೆನ್ನಾಗಿ ಹಿಡೀತದೆ. ಕೀಮೋ ಮುಗಿದ ಮೇಲೆ ಕೊಡೋಕೆ ಬೇರೆ ಮಾತ್ರೆಯೂ ಇದೆ. ಗ್ಯಾರಂಟಿ ಅಂತ ಹೇಳಲಾರೆ."

ಗ್ಯಾರಂಟಿ ಯಾರಿಗೆ ಬೇಕಿತ್ತು? ಮಗಳ ಮುಂದೆ ಒಂದು ದಾರಿ ಕಂಡಿತಲ್ಲ, ನನಗೆ ಅಷ್ಟು ಸಾಕಾಗಿತ್ತು. ಆ ಮಾತ್ರೆ ನುಂಗುತ್ತಲೇ ಅವಳು ಎದ್ದು ಓಡಾಡಿದಳು. ಈ ಸಲದ ಹಬ್ಬಕ್ಕೆ ಮುಂಚೆ ಮಾಡಿಸಿದ ಸ್ಕ್ಯಾನಿನಲ್ಲಿ ಏನೂ ಇಲ್ಲ.

ಹಬ್ಬದ ಊಟಕ್ಕೆ ಕೂತ ಮೈದುನ ಅದನ್ನು ಕೇಳಿ, "ದೇವ್ರು ದೊಡ್ಡವನು" ಎಂದರು.

"ದೇವ್ರು ದೊಡ್ಡವನೇ. ರಕ್ತ ಮಾತ್ರ ನಿಮ್ಮನೇದು. ನೀವೂ ಪರೀಕ್ಷೆ ಮಾಡಿಸ್ಕೊಳ್ಳಿ, ನಿಮ್ಮ ಮಗಳಿಗೂ ಮಾಡಿಸಿ."

"ಹಬ್ಬದ ದಿನ ಎಂಥ ಮಾತು ಅತ್ತಿಗೆ? ಅವಳನ್ನ ಕಳಸಕ್ಕೆ ಕೊಟ್ಟಾಯ್ತು. ಇನ್ನು ಅದೆಲ್ಲ ಅವಳ ಗಂಡನ ಮನೆಯವ್ರಿಗೆ ಬಿಟ್ಟಿದ್ದು."

ಮತ್ತೆ ಅದೇ. ನನ್ನ ನಾಲಿಗೆಯ ತುದಿಗೆ ಏನೇನೋ ಬಂದಿತ್ತು. ಅಷ್ಟರಲ್ಲಿ ಅವರ ಮಗಳು, ಆಗಷ್ಟೇ ಬಾಗಿನ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡವಳು, ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ದೊಡ್ಡಮ್ಮ, ಅಕ್ಕನ ಮುಂದಿನ ಚೆಕಪ್ ಯಾವತ್ತು? ನಾನೂ ಬರ್ತೀನಿ."

ನನ್ನ ಮಗಳು ತಟ್ಟಿದ ಇನ್ನೊಂದು ಹೋಳಿಗೆಯನ್ನು ಮೈದುನರ ಎಲೆಗೆ ಹಾಕಿದೆ, ಸಿಟ್ಟಿನಲ್ಲೇ.